ಕಾಸಿಮೇಡಿನ ದೋಣಿಯೂ ಮೊಮ್ಮಗಳ ಲೆಕ್ಕವೂ

ನಮ್ಮ ಮನೆ ಕಾಸಿಮೇಡಿನಲ್ಲಿ ಎಂದೊಡನೆ ಸಂಘದ ಬಂಧುಗಳಲ್ಲಿ ಕೆಲವರ ಕೈ ಅವರಿಗೆ ಅರಿವಿಲ್ಲದೆಯೇ ಮೂಗಿನ ಕಡೆಗೆ ಹೋಗುತ್ತದೆ. ತಪ್ಪೇನೂ ಇಲ್ಲ. ಅದು ಮದರಾಸಿನ ಮೀನು ಬಂದರು. ನಸುಕಿಗೆ ಮುಂಚೆ ಹರಾಜಿನ ಕೂಗು, ಐಸಿನ ಗಾಡಿಗಳು, ಡೀಸೆಲಿನ ಹೊಗೆ. ಇವುಗಳ ಮಧ್ಯೆ ಇಡ್ಲಿ, ಕಾಫಿ, ರವೆ ಉಪ್ಪಿಟ್ಟಿನ ನಮ್ಮದೊಂದು ಚಿಕ್ಕ ಹೋಟೆಲು. ಮೀನು ತೂಗಿದ ಕೈಯನ್ನು ತೊಳೆದುಕೊಂಡು ಬಂದು ಕಾಫಿ ಕುಡಿಯುವವರೇ ನಮ್ಮ ಗಿರಾಕಿಗಳು. ಮೂರು ಗಂಟೆಗೆ ಒಲೆ ಹೊತ್ತಿಸದಿದ್ದರೆ ಬಾಗಿಲು ಬಡಿದು ಎಬ್ಬಿಸುತ್ತಾರೆ.

ನಮ್ಮ ತೀರ್ಥರೂಪರು ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದಾಗ ಪರಸ್ಥಳಕ್ಕೆ ಬಂದೆವೆಂದು ಎಣಿಸಿರಲಿಲ್ಲ. ೧೯೫೬ರ ನವೆಂಬರ್ ೧ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ರಾಜ್ಯಕ್ಕೇ ಸೇರಿದ್ದಿತು. ಅವರು ಬಂದುದು ತಮ್ಮ ರಾಜಧಾನಿಗೆ. ಆಮೇಲೆ ಎಲ್ಲೆಗೆರೆ ಜರುಗಿತು. ಕುಳಿತಲ್ಲೇ ಕುಳಿತಿದ್ದ ನಾವು ಹೊರನಾಡ ಕನ್ನಡಿಗರಾದೆವು. ಇರಲಿ, ಅದು ಇನ್ನೊಂದು ಕತೆ.

ನಾವು ಎಂದರೆ ಇಬ್ಬರು. ನಮ್ಮಲ್ಲೊಬ್ಬರು ಗಲ್ಲಾಪೆಟ್ಟಿಗೆಯ ಮುಂದೆ ಕೂಡುವವರು, ಇನ್ನೊಬ್ಬರು ಮಾಳಿಗೆಯ ಮೇಲೆ ಪೇಟೆಯ ಮಕ್ಕಳಿಗೆ ಸಂಗೀತ ಹೇಳಿಕೊಡುವವರು. ಇದನ್ನು ಒಬ್ಬರು ಹೇಳಿ ಒಬ್ಬರು ಬರೆದುದರಿಂದ ಯಾವ ಮಾತು ಯಾರದೆಂದು ವಿಂಗಡಿಸುವುದು ನಮಗೂ ಆಗದ ಕೆಲಸ.

೨೦೨೪ರ ಬೇಸಿಗೆಯಲ್ಲಿ ಮೊಮ್ಮಗಳು ಬೆಂಗಳೂರಿನಿಂದ ಬಂದಳು. ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷ. ಮನೆಯಲ್ಲಿ ಪುಟ್ಟಿ ಎನ್ನುತ್ತೇವೆ, ಅವಳಿಗೆ ಈಗ ಅದು ಇಷ್ಟವಿಲ್ಲ. ಆ ದಿನಗಳಲ್ಲಿ ಕಾಸಿಮೇಡು ತಣ್ಣಗಿರುತ್ತದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ ೧೫ರಿಂದ ಜೂನ್ ೧೪ರವರೆಗೆ, ೬೧ ದಿನ, ಯಂತ್ರದ ದೋಣಿಗಳು ಮೀನು ಹಿಡಿಯಲು ಹೋಗುವಂತಿಲ್ಲ. ಮೀನು ಮರಿ ಹಾಕುವ ಕಾಲವೆಂದು ಸರಕಾರದ ನಿಷೇಧ. ದೋಣಿಗಳೆಲ್ಲ ಮೈಗೆ ಮೈ ತಾಗಿಸಿ ಕಟ್ಟಿ ನಿಂತಿರುತ್ತವೆ. ಬಡಗಿ, ಬೆಸುಗೆಯವರು, ಬಣ್ಣದವರು, ಬಲೆ ಹೊಲಿಯುವವರು, ಇವರದೇ ರಾಜ್ಯ. ನಮ್ಮ ಹೋಟೆಲಿಗೂ ಅರೆಹೊಟ್ಟೆಯ ಕಾಲ. ಆದ್ದರಿಂದ ಗಿರಾಕಿಗಳೊಡನೆ ಮಾತಾಡಲು ಪುರಸೊತ್ತು.

ಹಾಗೆ ಮಾತಿಗೆ ಸಿಕ್ಕಿದವರು ಒಬ್ಬ ದೋಣಿಯ ಯಜಮಾನರು. ಎಪ್ಪತ್ತು ದಾಟಿದವರು, ನಮ್ಮ ಮೂವತ್ತು ವರ್ಷದ ಗಿರಾಕಿ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ಒಂದು ದೋಣಿಯನ್ನು ಕಳೆದುಕೊಂಡವರು. ಈಗಿನ ದೋಣಿಯನ್ನು ಅವರ ಮಗ ನಡೆಸುತ್ತಾನೆ. ಒಟ್ಟು ಒಂಬತ್ತು ಜನ ಅದರಲ್ಲಿ ಹೋಗುತ್ತಾರೆ, ಒಮ್ಮೆ ಹೋದರೆ ಹಲವು ದಿನ ಕಡಲಿನಲ್ಲೇ. ಆ ಸಲ ನಿಷೇಧದ ಕಾಲದಲ್ಲಿ ದೋಣಿಗೆ ಭಾರಿ ರಿಪೇರಿ ಮಾಡಿಸಿದ್ದರು. ಚುಕ್ಕಾಣಿಯ ಕೋಣೆಗೆ ಉಕ್ಕಿನ ಹೊಸ ಮಾಡು, ಅದರ ಮೇಲೆ ಐನೂರು ಲೀಟರಿನ ನೀರಿನ ಟ್ಯಾಂಕು, ಬಲೆ ಹಗ್ಗಗಳನ್ನು ಪೇರಿಸಿಡಲು ಕಬ್ಬಿಣದ ಚೌಕಟ್ಟು. ನೋಡಲು ಭರ್ಜರಿಯಾಗಿದ್ದಿತು.

ಯಜಮಾನರು ಕಾಫಿಯ ಲೋಟವನ್ನು ತಿರುಗಿಸುತ್ತ ಹೇಳಿದರು: "ಸಾಮಿ, ಪಡಗು ತೂಂಗುದು."

ಪುಟ್ಟಿ ಪಕ್ಕದಲ್ಲೇ ಇದ್ದಳು. ಬೆಂಗಳೂರಿನ ಹುಡುಗಿ, ತಮಿಳು ಅವಳಿಗೆ ಅರ್ಧ ಕಿವಿಗೆ, ಅರ್ಧ ಊಹೆಗೆ. "ದೋಣಿ ತೂಗುತ್ತದಂತೆ, ಅಲ್ವಾ ಅಜ್ಜ? ತುಂಬಾ ಓಲಾಡ್ತದೆ ಅಂತ" ಎಂದಳು. ನಾವು ಕಾಫಿಯ ಡಿಕಾಕ್ಷನ್ ಇಳಿಸುವ ಗಡಿಬಿಡಿಯಲ್ಲಿ ಹೂಂ ಎಂದುಬಿಟ್ಟೆವು. ತಮಿಳಿನ ತೂಂಗು ಎಂದರೆ ನಿದ್ದೆಮಾಡು ಎಂದು ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ದೋಣಿ ನಿದ್ದೆ ಮಾಡುವುದೆಂದರೇನು ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ.

ಪುಟ್ಟಿಗೆ ಉತ್ಸಾಹ ಬಂದಿತು. ತೂಗುವುದನ್ನು ಅಳೆದು ಕೊಡುತ್ತೇನೆ ಎಂದಳು. ಹೇಗೆಂದರೆ, ಕೈಯಲ್ಲಿರುವ ಫೋನಿನಿಂದ. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಅದಕ್ಕೆ ಕಾರಣ, ಒಳಗೆ ಕೂದಲೆಳೆಗಿಂತ ಸಣ್ಣ ಸಿಲಿಕಾನಿನ ತುಣುಕೊಂದು ಸ್ಪ್ರಿಂಗಿಗೆ ಕಟ್ಟಿದಂತೆ ತೂಗುಬಿದ್ದಿರುತ್ತದೆ. ಫೋನು ಅಲುಗಿದಾಗ ಅದು ಒಂದಿಷ್ಟು ಹಿಂದುಳಿಯುತ್ತದೆ. ಹಿಂದುಳಿದುದೆಷ್ಟು ಎಂಬುದನ್ನು ವಿದ್ಯುತ್ತಿನ ವ್ಯತ್ಯಾಸದಿಂದ ತಿಳಿಯುತ್ತಾರೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೆ, ಅದೇ ಧರ್ಮ. ಎಷ್ಟು ವೇಗದಲ್ಲಿ ಹೊರಳುತ್ತಿದೆ ಎಂದು ಹೇಳುವ ಇನ್ನೊಂದು ತುಣುಕೂ ಉಂಟು.

ಹೀಗೆ ಕಡಲಿನ ಕುಲುಕಾಟವನ್ನು ಅಳೆಯುವುದು ಮದರಾಸಿಗೆ ಹೊಸತಲ್ಲ. ಪಳ್ಳಿಕರಣೆಯಲ್ಲಿ ೧೯೯೩ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದೆ. ಅವರು ಬಂಗಾಳ ಕೊಲ್ಲಿಯಲ್ಲಿಯೂ ಅರಬ್ಬಿ ಸಮುದ್ರದಲ್ಲಿಯೂ ಲಂಗರು ಹಾಕಿ ತೇಲಬಿಟ್ಟಿರುವ ಹಳದಿ ಬಣ್ಣದ ಬೋಯೆಗಳಲ್ಲಿ ಇಂಥದೇ ಉಪಕರಣಗಳು, ಇನ್ನೂ ನಾಜೂಕಾದವು, ಇರುತ್ತವೆ. ಬೋಯೆ ಏರಿ ಇಳಿದುದರಿಂದ ಅಲೆಯ ಎತ್ತರವನ್ನು ಲೆಕ್ಕ ಹಾಕಿ ಉಪಗ್ರಹದ ಮೂಲಕ ದಡಕ್ಕೆ ಸುದ್ದಿ ಕಳಿಸುತ್ತಾರೆ. ಹೈದರಾಬಾದಿನಲ್ಲಿ ೧೯೯೯ರಲ್ಲಿ ಆರಂಭವಾದ ಸಾಗರ ಮಾಹಿತಿ ಕೇಂದ್ರದಿಂದ ಮೀನುಗಾರರಿಗೆ ಅಲೆಯ ಮುನ್ಸೂಚನೆ ಬರುತ್ತದೆ. ಪುಟ್ಟಿ ಇದನ್ನು ಹೇಳಿದಾಗ ಯಜಮಾನರು, "ಆ ಹಳದಿ ಗಡಿಗೆಗೆ ಒಂದು ಸಲ ನಮ್ಮ ಬಲೆ ಸಿಕ್ಕಿಕೊಂಡಿತ್ತು" ಎಂದರು. ವಿಜ್ಞಾನದ ಬಗ್ಗೆ ಅವರಿಗಿದ್ದ ಪರಿಚಯ ಅಷ್ಟು.

ಮೊದಲು ಮನೆಯಲ್ಲಿ ಪರೀಕ್ಷೆ. ಫೋನು ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪು ಮಾಳಿಗೆಯ ಮೆಟ್ಟಿಲ ಮೇಲೆ. ಫೋನು ಸೆಕೆಂಡಿಗೆ ೫೦ ಸಲ ಒಂದೊಂದು ಸುದ್ದಿಯನ್ನು ಗಾಳಿಯಲ್ಲಿ ಕಳಿಸುತ್ತದೆ. ಆ ಸುದ್ದಿ ಅಕ್ಷರದಲ್ಲಿರುವುದಿಲ್ಲ. ೨೮ ಬೈಟುಗಳ ಒಂದು ಸರ. ಬೈಟು ಎಂದರೆ ೦ಯಿಂದ ೨೫೫ರ ಒಳಗಿನ ಒಂದು ಸಂಖ್ಯೆ ಎಂದು ತಿಳಿದರೆ ಸಾಕು. ಮೊದಲ ನಾಲ್ಕು ಬೈಟು ಕಾಲವನ್ನು ಹೇಳುತ್ತವೆ. ಆಮೇಲೆ ನಾಲ್ಕು ನಾಲ್ಕರಂತೆ ಆರು ದಶಮಾಂಶ ಸಂಖ್ಯೆಗಳು, ಮೂರು ಎಳೆತಕ್ಕೆ, ಮೂರು ಹೊರಳಿಕೆಗೆ. ನಾಲ್ಕು ಬೈಟುಗಳಲ್ಲಿ ದಶಮಾಂಶವನ್ನು ಹೇಗೆ ಮಡಿಸಿಡಬೇಕೆಂಬುದಕ್ಕೆ ೧೯೮೫ರಲ್ಲಿ ಗೊತ್ತುಪಡಿಸಿದ ಕ್ರಮವಿದೆ. ಈ ಗಂಟನ್ನು ಬಿಚ್ಚಲು ಪುಟ್ಟಿ ಪೈಥಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆದಳು. ಹಾಲೆಂಡಿನ ಗೈಡೊ ವಾನ್ ರಾಸಮ್ ೧೯೯೧ರಲ್ಲಿ ಹೊರತಂದ ಭಾಷೆ ಅದು. ಹೆಸರು ಹೆಬ್ಬಾವಿನದಲ್ಲ, ಇಂಗ್ಲೆಂಡಿನ ಒಂದು ಹಾಸ್ಯ ಮಂಡಳಿಯದಂತೆ.

ಮೇಜಿನ ಮೇಲೆ ಅಲುಗದೆ ಬಿದ್ದಿರುವ ಫೋನು ಹೇಳಬೇಕಾದುದು ಒಂದೇ: ಭೂಮಿಯ ಎಳೆತ, ೯.೮. ನಮ್ಮ ಶಾಲೆಯ ಕಾಲದಿಂದ ಬದಲಾಗದ ಸಂಖ್ಯೆ. ಲ್ಯಾಪ್‌ಟಾಪು ತೋರಿಸಿದುದು ಮೈನಸ್ ೪೨,೮೦,೫೦,೪೬೪. ನಲವತ್ತೆರಡು ಕೋಟಿಯ ಮೇಲೆ! ಪುಟ್ಟಿ ಫೋನನ್ನು ತಿರುಗಿಸಿ ಇಟ್ಟಳು, ಊದಿದಳು, ಪ್ರೋಗ್ರಾಮನ್ನು ಎರಡು ಸಲ ಮೊದಲಿಂದ ಬರೆದಳು. ಸಂಜೆಯಾಯಿತು. ನಲವತ್ತೆರಡು ಕೋಟಿ ಕದಲಲಿಲ್ಲ.

ಕೊನೆಗೆ ಬರಿಯ ಬೈಟುಗಳನ್ನೇ ಕಾಗದದ ಮೇಲೆ ಬರೆದುಕೊಂಡು ಗಟ್ಟಿಯಾಗಿ ಓದತೊಡಗಿದಳು: ಅರುವತ್ತೈದು, ಇಪ್ಪತ್ತೆಂಟು, ಇನ್ನೂರನಾಲ್ಕು, ಇನ್ನೂರೈದು. ಆ ಹೊತ್ತಿಗೆ ಪಾಠ ಮುಗಿಸಿ ಮಾಳಿಗೆಯಿಂದ ಇಳಿಯುತ್ತಿದ್ದ ನಮ್ಮವರು ನಿಂತರು.

"ಎಂತ ಮಾರಾಯ್ತಿ, ಕಲ್ಯಾಣಿ, ಹರಿಕಾಂಭೋಜಿ ಅಂತ ರಾಗದ ನಂಬರು ಹೇಳ್ತಾ ಇದ್ದೀಯಲ್ಲ?"

ಅರುವತ್ತೈದನೆಯ ಮೇಳ ಮೇಚಕಲ್ಯಾಣಿ, ಇಪ್ಪತ್ತೆಂಟನೆಯದು ಹರಿಕಾಂಭೋಜಿ. ಪುಟ್ಟಿಗೆ ನಗುವ ಮನಸ್ಸಿರಲಿಲ್ಲ. ಆದರೂ ಕೇಳಿದಳು, "ಅಷ್ಟು ನಂಬರು ಹೇಗೆ ನೆನಪಿಡ್ತೀರಿ ಅಜ್ಜಿ?" ನೆನಪಿಡಬೇಕಾಗಿಲ್ಲ, ಹೆಸರಿನ ಮೊದಲ ಎರಡು ಅಕ್ಷರಗಳಲ್ಲೇ ನಂಬರು ಅಡಗಿರುತ್ತದೆ. ಕಟಪಯಾದಿ ಸೂತ್ರದಲ್ಲಿ ಮ ಎಂದರೆ ಐದು, ಚ ಎಂದರೆ ಆರು. "ಹಾಗಾದರೆ ಮೇಚ ಐವತ್ತಾರು ಆಗ್ಬೇಕಲ್ಲ?" ಎಂದಳು ಪುಟ್ಟಿ. "ಅಲ್ಲ. ಅಂಕಿಗಳನ್ನು ಹಿಂದಿನಿಂದ ಓದಬೇಕು. ಮುಂದಿನಿಂದ ಓದಿದರೆ ಐವತ್ತಾರು, ಅದು ಷಣ್ಮುಖಪ್ರಿಯ. ಕಲ್ಯಾಣಿ ಹಾಡಲು ಕೂತವಳು ಷಣ್ಮುಖಪ್ರಿಯ ಹಾಡಿ ಎದ್ದು ಬಂದ ಹಾಗಾಗ್ತದೆ."

ಪುಟ್ಟಿ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಹಣೆ ಚಚ್ಚಿಕೊಂಡಳು.

ನಡೆದಿದ್ದು ಇಷ್ಟೆ. ನಾಲ್ಕು ಬೈಟಿನ ಸಂಖ್ಯೆಯನ್ನು ದೊಡ್ಡ ತುದಿಯಿಂದಲೂ ಬರೆಯಬಹುದು, ಚಿಕ್ಕ ತುದಿಯಿಂದಲೂ ಬರೆಯಬಹುದು. ನಾವು ಕನ್ನಡದಲ್ಲಿ ಇಪ್ಪತ್ತೆಂಟು ಎಂದು ಹತ್ತರ ಸ್ಥಾನವನ್ನು ಮೊದಲು ಹೇಳುತ್ತೇವೆ. ಹಿಂದಿಯವರು ಅಠ್ಠಾಈಸ್ ಎಂದು ಎಂಟನ್ನು ಮೊದಲು ಹೇಳುತ್ತಾರೆ. ಗಣಕಗಳಲ್ಲಿಯೂ ಎರಡು ಪಂಗಡ. ನಮ್ಮ ಮನೆಗಳಲ್ಲಿರುವ ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ ಚಿಕ್ಕ ತುದಿಯವು. ಜಾಲದಲ್ಲಿ ಸುದ್ದಿ ಹೋಗುವಾಗ ಮಾತ್ರ ದೊಡ್ಡ ತುದಿ ಮೊದಲು ಎಂಬುದು ಹಳೆಯ ಸಂಪ್ರದಾಯ. ಈ ಜಗಳಕ್ಕೆ ಹೆಸರಿಟ್ಟವರು ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ. ೧೯೮೦ರ ಏಪ್ರಿಲ್ ೧ರ ದಿನಾಂಕ ಹಾಕಿ ಬರೆದ ಲೇಖನದಲ್ಲಿ, ೧೭೨೬ರ ಗಲಿವರನ ಪ್ರವಾಸದ ಲಿಲಿಪುಟ್ಟರನ್ನು ನೆನೆದರು. ಮೊಟ್ಟೆಯನ್ನು ದೊಡ್ಡ ತುದಿಯಲ್ಲಿ ಒಡೆಯಬೇಕೆ ಚಿಕ್ಕ ತುದಿಯಲ್ಲಿ ಒಡೆಯಬೇಕೆ ಎಂದು ಯುದ್ಧ ಮಾಡಿದವರನ್ನು. ಸಸ್ಯಾಹಾರಿಗಳಾದ ನಮಗೆ ಕಟಪಯಾದಿಯೇ ಹತ್ತಿರ.

ಪೈಥಾನಿನಲ್ಲಿ ಇದಕ್ಕೆ ಪರಿಹಾರ ಒಂದೇ ಗುರುತು. ಗಂಟು ಬಿಚ್ಚುವ ಸೂತ್ರದ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಬೇಕು; ಹಾಕಿದರೆ ಜಾಲದ ಕ್ರಮದಲ್ಲಿ ಓದು ಎಂದರ್ಥ. ಹಾಕಿದಳು. ಅರುವತ್ತೈದು, ಇಪ್ಪತ್ತೆಂಟು, ಇನ್ನೂರನಾಲ್ಕು, ಇನ್ನೂರೈದು, ಅವೇ ನಾಲ್ಕು ಬೈಟುಗಳು, ಈಗ ೯.೮ ಆದವು. ನಲವತ್ತೆರಡು ಕೋಟಿ ಎಲ್ಲಿ ಹೋಯಿತೋ! ಆ ರಾತ್ರಿ ಮನೆಯಲ್ಲಿ ಗಸಗಸೆ ಪಾಯಸ.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ನಗೆಯ ಪ್ರಸಂಗವಾಗುತ್ತಿತ್ತು. ಮುಂದಿನದನ್ನು ಬರೆಯಲು ನಮಗೆ ಸ್ವಲ್ಪ ನಾಚಿಕೆ.

ಜೂನ್ ೯ರ ಬೆಳಿಗ್ಗೆ, ಗಾಳಿ ಏಳುವುದಕ್ಕೆ ಮುಂಚೆ, ಬಂದರಿನ ಒಳಗೆ ನೀರು ಎಣ್ಣೆಯಂತೆ ನಿಂತಿದ್ದಾಗ, ದೋಣಿಯನ್ನು ಸಾಲಿನಿಂದ ಈಚೆಗೆ ತಂದು ಹಗ್ಗಗಳನ್ನು ಸಡಿಲ ಬಿಟ್ಟರು. ಫೋನನ್ನು ಅಟ್ಟದ ಹಲಗೆಗೆ ಟೇಪಿನಿಂದ ಬಿಗಿದಳು. ತಾನು ಲ್ಯಾಪ್‌ಟಾಪು ಹಿಡಿದು ಧಕ್ಕೆಯ ಮೇಲೆ ಕುಳಿತಳು. ಆಳುಗಳು ಆರು ಜನ ಒಟ್ಟಿಗೆ ಎಡಕ್ಕೆ ಓಡಿ, ಒಟ್ಟಿಗೆ ಬಲಕ್ಕೆ ಓಡಿ, ತೊಟ್ಟಿಲಿಗೆ ಜೀಕು ಕೊಟ್ಟಂತೆ ದೋಣಿಯನ್ನು ಓಲಾಡಿಸಿ ನಡುವೆ ನಿಂತುಬಿಟ್ಟರು. ಅದು ತಾನಾಗಿ ಓಲಾಡುತ್ತ ಶಾಂತವಾಗಬೇಕು. ಒಂದು ಕಡೆಯಿಂದ ಹೋಗಿ ಅದೇ ಕಡೆಗೆ ಮರಳಲು ಎಷ್ಟು ಹೊತ್ತು ಹಿಡಿಯಿತೆಂಬುದೇ ಅಳತೆ.

ಈ ಪರೀಕ್ಷೆ ಪುಟ್ಟಿಯ ಕಲ್ಪನೆಯಲ್ಲ. ಹಡಗು ಕಟ್ಟುವವರು ಬಹುಕಾಲದಿಂದ ಮಾಡುವುದು. ವಾಲಿದ ದೋಣಿಯನ್ನು ನೀರು ಮೇಲಿನ ಒಂದು ಬಿಂದುವಿನಿಂದ ನೇತುಹಾಕಿದಂತೆ ನೆಟ್ಟಗೆ ಎಳೆಯುತ್ತದೆ. ಆ ಬಿಂದು ದೋಣಿಯ ಭಾರದ ಕೇಂದ್ರಕ್ಕಿಂತ ಎಷ್ಟು ಮೇಲಿದೆಯೋ ಅಷ್ಟು ಕ್ಷೇಮ. ಮೇಲೆ ಭಾರ ಪೇರಿಸಿದಷ್ಟೂ ಆ ಅಂತರ ಕುಗ್ಗುತ್ತದೆ, ದೋಣಿ ನಿಧಾನವಾಗಿ ಓಲಾಡುತ್ತದೆ. ಲೆಕ್ಕ ಸುಲಭ: ದೋಣಿಯ ಅಗಲವನ್ನು ೦.೮ರಿಂದ ಗುಣಿಸಿ, ಓಲಾಟದ ಸೆಕೆಂಡುಗಳಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿದರೆ ಅಂತರ ಸುಮಾರಾಗಿ ಮೀಟರಿನಲ್ಲಿ ಸಿಗುತ್ತದೆ. ೧೯೭೭ರಲ್ಲಿ ಸ್ಪೇನಿನ ಟೊರೆಮೊಲಿನೋಸಿನಲ್ಲಿ ಮೀನುಗಾರಿಕೆಯ ಹಡಗುಗಳ ಕ್ಷೇಮಕ್ಕಾಗಿ ಮಾಡಿದ ಒಪ್ಪಂದದಲ್ಲಿ, ಒಂದೇ ಅಟ್ಟದ ಹಡಗಿಗೆ ಈ ಅಂತರ ೦.೩೫ ಮೀಟರಿಗೆ ಕಡಿಮೆ ಇರಬಾರದೆಂದು ಹೇಳಿದೆ. ಅದು ೨೪ ಮೀಟರು ಮತ್ತು ಅದಕ್ಕೂ ಉದ್ದವಾದ ಹಡಗುಗಳಿಗೆ. ಈ ದೋಣಿ ಚಿಕ್ಕದು. ಆದರೂ ಒಂದು ಅಳತೆಗೋಲು ಬೇಕಲ್ಲ?

ಪುಟ್ಟಿ ಲೆಕ್ಕ ಹಾಕಿದಳು. ಐದು ಓಲಾಟಕ್ಕೆ ೧,೨೫೦ ಸುದ್ದಿಗಳು ಬಂದಿದ್ದವು. ಸೆಕೆಂಡಿಗೆ ೫೦ರಂತೆ ೨೫ ಸೆಕೆಂಡು. ಒಂದು ಓಲಾಟಕ್ಕೆ ಐದು. ದೋಣಿಯ ಅಗಲ ಐದು ಮೀಟರು. ಅಂತರ ೦.೬೪. "ತಾತಾ, ತುಂಬ ಚೆನ್ನಾಗಿದೆ. ಬೇಕಾದುದಕ್ಕಿಂತ ಹೆಚ್ಚೇ ಇದೆ" ಎಂದು ನಮ್ಮ ಮೂಲಕ ತಮಿಳಿನಲ್ಲಿ ಹೇಳಿಸಿದಳು. ಮಗನ ಮುಖ ಅರಳಿತು, ಇನ್ನು ಖರ್ಚಿಲ್ಲ.

ಯಜಮಾನರು ತಲೆಯಾಡಿಸಲಿಲ್ಲ. "ಅಂಜು ಇಲ್ಲೆ ಪಾಪಾ. ಏಳು" ಎಂದರು.

ಎಲ್ಲಿಂದ ಬಂತು ಏಳು? ಬಾಯೊಳಗೆ ಎಣಿಸಿದ್ದರಂತೆ. ಐವತ್ತು ವರ್ಷದ ರೂಢಿ. ಆಗ ನಾವು ಮಾಡಿದ ಕೆಲಸವನ್ನು ಮುಚ್ಚಿಡುವುದಿಲ್ಲ. ಮೊಮ್ಮಗಳ ಪಕ್ಷ ಹಿಡಿದು, "ನೀವು ಎಣಿಸಿದುದು ಬಾಯಲ್ಲಿ, ಅದು ಎಣಿಸಿದುದು ಯಂತ್ರದಲ್ಲಿ. ವಯಸ್ಸಾದ ಮೇಲೆ ನಮ್ಮ ಎಣಿಕೆ ಓಡುತ್ತದೆ" ಎಂದೆವು. ಮೂವತ್ತು ವರ್ಷದ ಗಿರಾಕಿಗೆ, ಅವರ ಮಗನ ಎದುರಿಗೆ, ಅವರ ದೋಣಿಯ ಪಕ್ಕದಲ್ಲಿ ನಿಂತು. ಅವರು ಮರುಮಾತಾಡದೆ ಹೊರಟುಹೋದರು. ಮರುದಿನ ಕಾಫಿಗೆ ಬರಲಿಲ್ಲ.

ಅವರು ಬರಲಿಲ್ಲವೆಂಬುದನ್ನು ಮೊದಲು ಗಮನಿಸಿದವಳು ಪುಟ್ಟಿ. "ಅಜ್ಜ, ಅವರು ಮೊದಲ ದಿನ ಹೇಳಿದ್ದು ನಿಜವಾಗಿ ಏನು?" ಎಂದು ಕೇಳಿದಳು. ಆಗ ನಾವು ಯೋಚನೆ ಮಾಡಿ ಹೇಳಿದೆವು: "ದೋಣಿ ನಿದ್ದೆ ಮಾಡ್ತದೆ ಅಂದರು. ಒಂದು ಕಡೆ ವಾಲಿದರೆ ಅಲ್ಲೇ ಮಲಗಿದ ಹಾಗೆ ನಿಂತು, ಮನಸ್ಸಿಲ್ಲದೆ ಏಳ್ತದೆ ಅಂತ ಇರಬೇಕು."

ಅವಳ ಮುಖ ಬಿಳಿಚಿತು. ಅವಳು ತೂಗುವ ದೋಣಿಯನ್ನು ಅಳೆಯಲು ಹೋಗಿದ್ದಳು. ಅವರು ತೋರಿಸಿದುದು ಮಲಗುವ ದೋಣಿಯನ್ನು. ನಿಧಾನವಾಗಿ ಏಳುವ ದೋಣಿ ಎಂದರೆ ಏನರ್ಥವೆಂದು ಅವಳು ಈಗತಾನೆ ಓದಿದ್ದಳಲ್ಲ!

ರಾತ್ರಿಯೆಲ್ಲ ಕುಳಿತಳು. ಬೈಟುಗಳ ಕ್ರಮ ಸರಿಯಿತ್ತು, ಹೊರಳಿಕೆಯ ಅಂಕಿಗಳು ಸರಿಯಿದ್ದವು. ಒಂದೊಂದು ಸುದ್ದಿಯೂ ಸತ್ಯವೇ. ತಪ್ಪು ಇದ್ದುದು ಬಾರದೆ ಹೋದ ಸುದ್ದಿಗಳಲ್ಲಿ.

ಜಾಲದಲ್ಲಿ ಸುದ್ದಿ ಕಳಿಸಲು ಎರಡು ಮುಖ್ಯ ದಾರಿಗಳಂತೆ. ಒಂದು, ನಾವು ಹಿಂದೆ ರಿಜಿಸ್ಟರು ಮಾಡಿಸಿ ಕಳಿಸುತ್ತಿದ್ದ ಕಾಗದದಂತೆ. ತಲಪಿತೆಂದು ಸಹಿ ಬರಬೇಕು, ಬಾರದಿದ್ದರೆ ಮತ್ತೆ ಕಳಿಸುತ್ತದೆ. ಇನ್ನೊಂದು ಯುಡಿಪಿ ಎಂಬುದು, ೧೯೮೦ರಲ್ಲಿ ಜಾನ್ ಪೋಸ್ಟೆಲ್ ಬರೆದ ಮೂರೇ ಪುಟದ ನಿಯಮ. ಅದು ಪೋಸ್ಟ್ ಕಾರ್ಡು. ಡಬ್ಬಿಗೆ ಹಾಕಿದರೆ ಮುಗಿಯಿತು, ತಲಪಿದರೂ ತಲಪದಿದ್ದರೂ ಕೇಳುವವರಿಲ್ಲ. ಅಲುಗಾಟದ ಸುದ್ದಿಗೆ ಇದನ್ನೇ ಬಳಸುತ್ತಾರೆ, ಏಕೆಂದರೆ ಬೇಗ ಹೋಗುತ್ತದೆ. ಊಟದ ಮೇಜಿನಿಂದ ಮೆಟ್ಟಿಲಿಗೆ ಒಂದು ಕಾರ್ಡೂ ಕಳೆದಿರಲಿಲ್ಲ. ಆದರೆ ಬಂದರಿನಲ್ಲಿ ದೋಣಿಗೂ ಧಕ್ಕೆಗೂ ನಡುವೆ ದೂರ, ಕಬ್ಬಿಣದ ವಿಂಚು, ಉಕ್ಕಿನ ಕೋಣೆ, ಸಾಲದುದಕ್ಕೆ ಸುತ್ತ ಎಲ್ಲರ ಫೋನುಗಳು. ಏಳು ಕಾರ್ಡಿಗೆ ಎರಡು ಕಾರ್ಡು ಕಡಲಿಗೆ ಬಿದ್ದಿದ್ದವು. ಬಂದ ಕಾರ್ಡುಗಳನ್ನು ಎಣಿಸಿ ಕಾಲ ಹೇಳಿದವಳಿಗೆ ಮೂವತ್ತೈದು ಸೆಕೆಂಡು ಇಪ್ಪತ್ತೈದಾಗಿ ಕಂಡಿತು.

ಇದು ಇನ್ನೊಂದು ತಪ್ಪಿನಂತಲ್ಲ. ನಲವತ್ತೆರಡು ಕೋಟಿ ತಾನು ಸುಳ್ಳೆಂದು ಕೂಗಿ ಹೇಳುತ್ತಿತ್ತು. ಈ ಐದು ಸೆಕೆಂಡು ಸಭ್ಯವಾಗಿ, ನಂಬುವಂತೆ, ಎಲ್ಲರಿಗೂ ಬೇಕಾದ ಉತ್ತರವನ್ನೇ ಹೇಳಿತು.

ಎಲ್ಲಕ್ಕಿಂತ ಅವಳಿಗೆ ಸಂಕಟವಾದುದು ಬೇರೆ. ಪ್ರತಿ ಸುದ್ದಿಯ ಮೊದಲ ನಾಲ್ಕು ಬೈಟುಗಳಲ್ಲಿ ಕಾಲ ಬರೆದೇ ಇತ್ತು. ಬೇಡವೆಂದು ಅವುಗಳನ್ನು ಓದಿ ಎಸೆಯುತ್ತಿದ್ದಳು. ಈಗ ಹೊರಗೆ ತೆಗೆದು ಸಾಲಾಗಿ ಇಟ್ಟಳು. ಒಂದು ಸುದ್ದಿಗೂ ಮುಂದಿನದಕ್ಕೂ ಸೆಕೆಂಡಿನ ಸಾವಿರದ ೨೦ ಪಾಲು ಅಂತರವಿರಬೇಕು. ಇಪ್ಪತ್ತು, ಇಪ್ಪತ್ತು, ಅರುವತ್ತು, ಇಪ್ಪತ್ತು, ನೂರು, ಹೀಗೆ ಹಲ್ಲುದುರಿದ ಬಾಚಣಿಗೆಯಂತೆ ಕಾಣಿಸಿತು. ಮೊದಲನೆಯ ಓಲಾಟದಿಂದ ಐದನೆಯದು ಮುಗಿಯುವವರೆಗೆ ೩೫ ಸೆಕೆಂಡು. ಒಂದಕ್ಕೆ ಏಳು.

ಅಂತರ ೦.೬೪ ಅಲ್ಲ, ೦.೩೩. ಸ್ಪೇನಿನ ಅಳತೆಗೋಲಿಗಿಂತ ಕೆಳಗೆ. ಅದೂ ಟ್ಯಾಂಕಿನಲ್ಲಿ ನೀರಿಲ್ಲದೆ, ಚೌಕಟ್ಟಿನಲ್ಲಿ ಅರ್ಧ ಬಲೆ ಮಾತ್ರ ಇದ್ದಾಗ.

ನಸುಕಿನ ನಾಲ್ಕು ಗಂಟೆಗೆ ಪುಟ್ಟಿ ನಮ್ಮನ್ನು ಎಬ್ಬಿಸಿದಳು. ಎಬ್ಬಿಸಬೇಕಾಗಿರಲಿಲ್ಲ, ಒಲೆ ಆಗಲೇ ಉರಿಯುತ್ತಿತ್ತು. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಯಜಮಾನರ ಮನೆಗೆ ನಡೆದೆವು. ಬಾಗಿಲಲ್ಲಿ ಕುಳಿತು ಹಗ್ಗಕ್ಕೆ ಗಂಟು ಹಾಕುತ್ತಿದ್ದರು. ಪುಟ್ಟಿ ತನ್ನ ಮುರುಕು ತಮಿಳಿನಲ್ಲೇ ಹೇಳಿದಳು, ನಾವು ತುಟಿ ಬಿಚ್ಚಲಿಲ್ಲ: "ತಾತಾ, ಏಳು ದಾನ್. ನಾನ್ ತಪ್ಪು." ಅವರು ಗಂಟು ಮುಗಿಸಿ, ಕೈ ಒರಸಿಕೊಂಡು, ಫ್ಲಾಸ್ಕಿಗೆ ಕೈ ಚಾಚಿದರು. ನಾವೂ ತಪ್ಪಾಯಿತೆಂದೆವು. ಆ ಮಾತಿಗೆ ಅವರು ಕಿವಿಗೊಟ್ಟಂತೆ ಕಾಣಲಿಲ್ಲ. ಕಾಫಿ ಮಾತ್ರ ಕುಡಿದರು.

ಅಪ್ಪ ಮಗ ಇಬ್ಬರಿಗೂ ಅಂದು ದೊಡ್ಡ ಮಾತಾಯಿತು. ಹೊಸ ಮಾಡಿಗೆ ಸಾಲ ಮಾಡಿದ್ದರು. ಮಗನ ಕೋಪವೂ ನ್ಯಾಯವೇ: ಮೊನ್ನೆ ಚೆನ್ನಾಗಿದೆ ಎಂದ ಹುಡುಗಿ ಇಂದು ಇಲ್ಲ ಎಂದರೆ ಯಾವ ದಿನವನ್ನು ನಂಬಬೇಕು? ಅದಕ್ಕೆ ಪುಟ್ಟಿ ಲ್ಯಾಪ್‌ಟಾಪು ತೆರೆಯಲಿಲ್ಲ. ಅವನ ಕೈಗಡಿಯಾರವನ್ನೇ ತೋರಿಸಿ, ಇನ್ನೊಮ್ಮೆ ಓಲಾಡಿಸಿ ನೀವೇ ಎಣಿಸಿ ಎಂದಳು. ಎಣಿಸಿದ. ಐದು ಓಲಾಟಕ್ಕೆ ಮೂವತ್ತೈದು. ಅಲ್ಲಿಗೆ ಮಾತು ನಿಂತಿತು.

ಟ್ಯಾಂಕನ್ನು ಮಾಡಿನಿಂದ ಇಳಿಸಿ ಅಟ್ಟದ ಕೆಳಗೆ ಕೂರಿಸಿದರು. ಕಬ್ಬಿಣದ ಚೌಕಟ್ಟನ್ನು ಕತ್ತರಿಸಿದರು, ಬಲೆ ಹಗ್ಗ ಕೆಳಗೆ ಬಂದವು, ತಳದಲ್ಲಿ ಒಂದಿಷ್ಟು ಹಳೆಯ ಕಬ್ಬಿಣ ಹೇರಿದರು. ಜೂನ್ ೧೩ರಂದು ಮತ್ತೆ ಓಲಾಡಿಸಿದಾಗ ಐದಕ್ಕೆ ೩೧ ಸೆಕೆಂಡು. ಅಂತರ ೦.೪೨. ಈ ಸಲ ಫೋನೂ ಗಡಿಯಾರವೂ ಒಂದೇ ಮಾತು ಹೇಳಿದವು. ನಿಜ ಹೇಳಬೇಕೆಂದರೆ ಗಡಿಯಾರವೊಂದೇ ಸಾಕಾಗಿತ್ತು. ಪುಟ್ಟಿಯೂ ಅದನ್ನು ಒಪ್ಪಿದಳು. ಪಾಪ, ನಲವತ್ತೆರಡು ಕೋಟಿಯ ಹಿಂದೆ ಬಿದ್ದು ಒಂದು ವಾರ ಕಳೆದಿದ್ದಳು.

೧೪ರ ರಾತ್ರಿ ಅವಳು ಬೆಂಗಳೂರಿನ ರೈಲು ಹತ್ತಿದಳು. ಅದೇ ರಾತ್ರಿ ನಡುವಿರುಳು ಕಳೆದ ಮೇಲೆ ಕಾಸಿಮೇಡಿನ ದೋಣಿಗಳು ಒಂದರ ಹಿಂದೊಂದು ದೀಪ ಹೊತ್ತಿಸಿಕೊಂಡು ಹೊರಟವು. ಎರಡು ತಿಂಗಳ ಮೌನದ ಮೇಲೆ ಅಷ್ಟು ಇಂಜಿನುಗಳು ಒಟ್ಟಿಗೆ ಗುಡುಗಿದರೆ ನಮ್ಮ ಹೋಟೆಲಿನ ಲೋಟಗಳೆಲ್ಲ ಕಿಣಿಕಿಣಿ ಎನ್ನುತ್ತವೆ. ಅದನ್ನು ಕೇಳದೆ ಹೋದಳಲ್ಲ ಎಂದು ನಮಗೆ ಬೇಸರ.

ಎಂಟನೆಯ ದಿನ ದೋಣಿ ಮರಳಿತು. ಒಂಬತ್ತು ಜನವೂ ಕಾಫಿಗೆ ಬಂದರು, ಹಿಂದೆ ಯಜಮಾನರು. ಆ ಹೊತ್ತಿಗೆ ಸರಿಯಾಗಿ ಪುಟ್ಟಿಯ ಫೋನು. ಅವಳು ನಮ್ಮ ಯೋಗಕ್ಷೇಮವನ್ನು ಕೇಳಲಿಲ್ಲ, ತಾತನಿಗೆ ಕೊಡಿ ಎಂದಳು. ಈ ನಡುವೆ ಯಾರನ್ನೋ ಕೇಳಿ ಒಂದು ತಮಿಳು ಪದ ಕಲಿತಿದ್ದಳು. ಫೋನಿನಿಂದ ನಮಗೂ ಕೇಳಿಸಿತು: "ತಾತಾ, ಪಡಗು ಮುಳಿಚ್ಚಿಡುಚ್ಚಾ?" ದೋಣಿ ಎಚ್ಚರವಾಯಿತೆ ಎಂದು.

"ಪಾದಿ ತೂಕ್ಕಂ ಪಾಪಾ" ಎಂದರು ಯಜಮಾನರು. ಅರ್ಧ ನಿದ್ದೆ ಮಗಳೆ. ಆಮೇಲೆ ಫೋನನ್ನು ನಮ್ಮ ಕೈಗೆ ಕೊಟ್ಟು, ಕಾಫಿಗೆ ಸಕ್ಕರೆ ಹೆಚ್ಚಾಗಿದೆ ಎಂದು ಲೋಟವನ್ನು ಮುಂದೆ ತಳ್ಳಿದರು.